ಬಿಚ್ಚುವುದು ಸಲೀಸು, ಜೋಡಿಸುವುದು ಕಷ್ಟ: ಪಿಸ್ತೂಲು ಪರವಾನಗಿದಾರರಿಗೆ 9 ಸೂತ್ರ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಪರವಾನಗಿ ಆಯುಧ ಅಂದರೆ ಸಾಮಾನ್ಯವಾಗಿ ಬೆಳೆ ರಕ್ಷಣೆಯ ಬಂದೂಕು. ಮೆಕ್ಕೆಜೋಳಕ್ಕೆ ನುಗ್ಗುವ ಹಂದಿಯನ್ನು ಬೆದರಿಸಲು ಅಷ್ಟು ಸಾಕು. ಆತ್ಮರಕ್ಷಣೆಗೆಂದು .32 ಪಿಸ್ತೂಲು ಇಟ್ಟುಕೊಂಡವರು ಕೆಲವರು ಮಾತ್ರ. 9 ಎಂ.ಎಂ. ಸಾಮಾನ್ಯ ನಾಗರಿಕರಿಗೆ ನಿಷಿದ್ಧವಾದ್ದರಿಂದ ಈ .32 ಬಳಕೆಗೆ ಬಂತು. ಹಳೇ ಒಂಟಿ ನಳಿಗೆ ಬಂದೂಕು ಒರಟು ಆರೈಕೆಯನ್ನೂ ತಡೆದುಕೊಳ್ಳುತ್ತದೆ, ಸೆಮಿ ಆಟೋಮ್ಯಾಟಿಕ್ ಪಿಸ್ತೂಲು ತಡೆಯುವುದಿಲ್ಲ. ಅಕ್ಕಿಕಾಳಿನಷ್ಟು ಸ್ಪ್ರಿಂಗ್ ಕಳೆದರೂ ಅದು ಬರೀ ಕಬ್ಬಿಣ. ಪಿಸ್ತೂಲು ಇಟ್ಟುಕೊಂಡವರಿಗಾಗಿ ಈ ಸೂತ್ರಗಳು.

1. ಮೊದಲು ಮ್ಯಾಗಜೀನ್, ಆಮೇಲೆ ಸ್ಲೈಡ್.
ಈ ಕ್ರಮ ತಪ್ಪಿದಾಗಲೇ ಅನಾಹುತ. ಮ್ಯಾಗಜೀನ್ ಒಳಗಿರುವಾಗಲೇ ಸ್ಲೈಡ್ ಎಳೆದರೆ ಚೇಂಬರಿನ ಗುಂಡು ಹೊರಗೆ ಬೀಳುತ್ತದೆ, ಸರಿ. ಆದರೆ ಸ್ಲೈಡ್ ಮುಂದೆ ಬರುವಾಗ ಮ್ಯಾಗಜೀನಿನಿಂದ ಇನ್ನೊಂದನ್ನು ಒಳಗೆ ತಳ್ಳಿಕೊಂಡೇ ಬರುತ್ತದೆ. ಬಿದ್ದ ಗುಂಡನ್ನು ಕಣ್ಣಾರೆ ಕಂಡವನು ಖಾಲಿಯಾಯಿತೆಂದು ನಂಬಿಬಿಡುತ್ತಾನೆ. ಹಾಗಾಗಿ ಮ್ಯಾಗಜೀನ್ ತೆಗೆದು ದೂರ ಇಡಿ, ನಳಿಗೆಯನ್ನು ಯಾರೂ ಇಲ್ಲದ ಗಟ್ಟಿ ದಿಕ್ಕಿಗೆ ತಿರುಗಿಸಿ ಸ್ಲೈಡ್ ಎಳೆಯಿರಿ, ಹಿಂದಕ್ಕೇ ಹಿಡಿದು ಚೇಂಬರನ್ನು ಕಣ್ಣಲ್ಲಿ ನೋಡಿ, ಕಿರುಬೆರಳಲ್ಲಿ ಮುಟ್ಟಿ. ಗುಂಡುಗಳೆಲ್ಲ ಬೇರೆ ಕೋಣೆಗೆ ಹೋಗಲಿ. ಮಕ್ಕಳೂ.

2. ಪುಸ್ತಕ ಎಲ್ಲಿ ನಿಲ್ಲುತ್ತದೋ ನೀವೂ ಅಲ್ಲೇ ನಿಲ್ಲಿ.
ತಯಾರಕರು ಕೊಟ್ಟ ಕೈಪಿಡಿ ಸ್ಲೈಡ್, ನಳಿಗೆ, ರಿಕಾಯಿಲ್ ಸ್ಪ್ರಿಂಗ್, ಮ್ಯಾಗಜೀನ್ ಬಿಚ್ಚಲು ಹೇಳುತ್ತದೆ. ಶುಚಿಗೊಳಿಸಲು ಅಷ್ಟು ಸಾಕೇ ಸಾಕು. ಎಕ್ಸ್‌ಟ್ರ್ಯಾಕ್ಟರ್, ಫೈರಿಂಗ್ ಪಿನ್, ಸೇಫ್ಟಿಯ ಬಗ್ಗೆ ಅದು ಸುಮ್ಮನಿದ್ದರೆ ಅದು ನಿಮ್ಮ ಕೆಲಸವಲ್ಲ. ಟ್ರಿಗರ್ ಗುಂಪನ್ನಂತೂ ಮುಟ್ಟಲೇಬೇಡಿ. ಮೊಬೈಲಿನ ವಿಡಿಯೊ ನೋಡಿ ಧೈರ್ಯ ಬಂತೆಂದರೆ ವಿಡಿಯೊ ಬಂದ್ ಮಾಡಿ.

3. ಪರಾತ, ಬಿಳಿ ಟವೆಲ್ಲು, ಬೆಳಕು.
ಅಂಚಿರುವ ಪರಾತದೊಳಗೆ ಬಿಳಿ ಟವೆಲ್ಲು ಹಾಸಿ ಅದರ ಮೇಲೆ ಕೆಲಸ ಮಾಡಿ. ಜಾರಿದ ಪಿನ್ನು ಉರುಳಿ ಹೋಗುವುದಿಲ್ಲ, ಕಪ್ಪು ಸ್ಪ್ರಿಂಗ್ ಎದ್ದು ಕಾಣುತ್ತದೆ. ಒತ್ತಡದಲ್ಲಿರುವ ಸ್ಪ್ರಿಂಗನ್ನು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೇ ಬಿಡಿಸಿ, ಹಾರಿದರೂ ಚೀಲದಲ್ಲೇ ಇರುತ್ತದೆ. ಕನ್ನಡಕ ಕಡ್ಡಾಯ. ಅಂಗಳದಲ್ಲಿ, ಅಡಿಕೆ ಸಿಪ್ಪೆಯ ಪಕ್ಕ ಕೂತು ಬಿಚ್ಚುವವರಿಗೆ ಹೇಳುವುದೇನೂ ಇಲ್ಲ.

4. ತೆಗೆಯುವ ಮುಂಚೆ ಫೋಟೊ.
ಒಂದೊಂದು ಭಾಗ ತೆಗೆಯುವಾಗಲೂ ಒಂದೊಂದು. ತೆಗೆದಿದ್ದನ್ನು ಎಡದಿಂದ ಬಲಕ್ಕೆ ಸಾಲಾಗಿ ಇಡಿ, ಜೋಡಿಸುವಾಗ ಬಲದಿಂದ ಎಡಕ್ಕೆ ಬನ್ನಿ. ಫೋಟೊ ನಿಮ್ಮ ಉಪಯೋಗಕ್ಕೆ, ವಾಟ್ಸಾಪ್ ಸ್ಟೇಟಸ್ಸಿಗಲ್ಲ.

5. ಮ್ಯಾಗಜೀನಿನ ತಳ ತೆಗೆಯುವಾಗ ಹೆಬ್ಬೆರಳು ಅಡ್ಡ ಇರಲಿ.
ತಳದ ತಗಡು ಸರಿದ ಕೂಡಲೇ ಒಳಗಿನ ಸ್ಪ್ರಿಂಗ್ ಮುಖಕ್ಕೇ ಜಿಗಿಯುತ್ತದೆ. ಹೊರಬಂದ ಮೇಲೆ ಅದರ ಕೊನೆಯ ಸುತ್ತು ಯಾವ ಕಡೆಗಿದೆ, ಗುಂಡನ್ನು ಮೇಲೆತ್ತುವ ಫಾಲೋಯರ್ ಯಾವ ಕಡೆ ಮುಖ ಮಾಡಿದೆ ಎಂದು ಗುರುತಿಟ್ಟುಕೊಳ್ಳಿ. ತಿರುಗಾಮುರುಗಾ ಹಾಕಿದರೂ ಒಮ್ಮೊಮ್ಮೆ ಒಳಗೆ ಹೋಗುತ್ತದೆ, ಆಮೇಲೆ ಎರಡನೇ ಗುಂಡಿಗೇ ಸಿಕ್ಕಿಕೊಳ್ಳುತ್ತದೆ. ಸಡಿಲವಾದ ಸ್ಪ್ರಿಂಗನ್ನು ಕೈಯಿಂದ ಜಗ್ಗಿ ಉದ್ದ ಮಾಡಬೇಡಿ, ಹೊಸದನ್ನು ಹಾಕಿಸಿ.

6. ಮೊಳೆ, ಸುತ್ತಿಗೆ ಎರಡೂ ಬೇಡ.
ಕೈಪಿಡಿ ಒಪ್ಪಿದ ಪಿನ್ನನ್ನು ಮಾತ್ರ, ಅದರ ಅಳತೆಯ ಹಿತ್ತಾಳೆ ಪಂಚ್‌ನಿಂದ ಮೆಲ್ಲಗೆ ತಟ್ಟಿ. ಹಲವು ಪಿಸ್ತೂಲುಗಳಲ್ಲಿ ಪಿನ್ನು ಒಂದೇ ದಿಕ್ಕಿನಿಂದ ಹೊರಬರುತ್ತದೆ, ಅದೇ ದಾರಿಯಲ್ಲಿ ಒಳಗೆ ಹೋಗುತ್ತದೆ. ಬಲವಂತ ಬೇಕಾಯಿತೆಂದರೆ ದಿಕ್ಕು ತಪ್ಪಿದೆ ಅಥವಾ ಒಳಗೆ ಏನೋ ಸರಿದಿದೆ. ಸ್ಕ್ರೂಡ್ರೈವರ್ ತುದಿ ಸ್ಕ್ರೂ ತಲೆಯ ಸೀಳಿಗೆ ತುಂಬಿ ಕೂರಬೇಕು.

7. ಎಣ್ಣೆ ಊರು ನೋಡಿ ಹಾಕಿ.
ತುಂಗಭದ್ರೆ ಹರಿಯುವ ಹೊನ್ನಾಳಿ, ಭದ್ರಾ ನಾಲೆ, ಸೂಳೆಕೆರೆ ಇರುವ ಚನ್ನಗಿರಿಯಲ್ಲಿ ಮಳೆಗಾಲದ ತೇವಕ್ಕೆ ತುಕ್ಕು ಬೇಗ. ಅಲ್ಲಿ ತೆಳುವಾದ ಎಣ್ಣೆಯ ಪದರ ಯಾವಾಗಲೂ ಇರಲಿ. ಜಗಳೂರಿನ ಒಣ ಸೀಮೆಯಲ್ಲಿ ಉಲ್ಟಾ: ಎಣ್ಣೆ ಹೆಚ್ಚಾದಷ್ಟೂ ಧೂಳು ಅಂಟಿ ಒಳಗೆಲ್ಲ ಜಿಡ್ಡು. ಎಲ್ಲಿಯೇ ಆಗಲಿ, ಫೈರಿಂಗ್ ಪಿನ್ ಓಡಾಡುವ ಕೊಳವೆಗೂ ಮ್ಯಾಗಜೀನಿನ ಒಳಗೂ ಎಣ್ಣೆ ಸುರಿಯಬೇಡಿ. ಗುಂಡಿನ ಹಿಂಬದಿಯ ಪ್ರೈಮರ್‌ಗೆ ಎಣ್ಣೆ ಇಳಿದರೆ ಅದು ಸಿಡಿಯದೇ ಹೋಗಬಹುದು. ಕೊಬ್ಬರಿ ಎಣ್ಣೆ ತಲೆಗೆ ಸಾಕು.

ಆಯುಧ ಪೂಜೆಯ ಮರುದಿನ ಇನ್ನೊಂದು ಕೆಲಸ ಇರುತ್ತದೆ. ಅರಿಶಿನ, ಕುಂಕುಮ, ಹೂವಿನ ನೀರು ಸ್ಲೈಡಿನ ಸಂದಿಗೆ ಇಳಿದು ಒಣಗಿ ಕೂರುತ್ತವೆ. ಪೆಟ್ಟಿಗೆಗೆ ತಿಲಕ ಇಟ್ಟರೂ ದೇವರು ಒಪ್ಪುತ್ತಾನೆ. ಸಂಭ್ರಮಕ್ಕೆ ಆಕಾಶಕ್ಕೆ ಗುಂಡು ಹಾರಿಸುವುದನ್ನಂತೂ ಬಿಡಿ: 2019ರ ಆಯುಧ ಕಾಯ್ದೆ ತಿದ್ದುಪಡಿಯ ನಂತರ ಅದಕ್ಕೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಅಥವಾ ಎರಡೂ ಉಂಟು.

8. ಲೇತ್ ಅಂಗಡಿಗೆ ಒಯ್ಯಬೇಡಿ.
ಪಂಪ್‌ಸೆಟ್ಟಿನ ಶಾಫ್ಟ್ ತಿರುಗಿಸಿಕೊಟ್ಟವನು ಪಿನ್ನನ್ನೂ ಮಾಡಿಕೊಟ್ಟಾನು, ಕೈಚಳಕಕ್ಕೇನೂ ಕೊರತೆಯಿಲ್ಲ. ಆದರೆ 1959ರ ಆಯುಧ ಕಾಯ್ದೆಯ ಕಣ್ಣಲ್ಲಿ ಬಿಡಿಭಾಗವೂ ಆಯುಧವೇ. ಪರವಾನಗಿ ಇಲ್ಲದವನು ಆಯುಧ ತಯಾರಿಸುವುದು, ರಿಪೇರಿ ಮಾಡಿಕೊಡುವುದು ಅಪರಾಧ. ನಿಮ್ಮ ಜೊತೆ ಆ ಬಡಪಾಯಿಯೂ ಸಿಕ್ಕಿಬೀಳುತ್ತಾನೆ. ಲೈಸೆನ್ಸ್ ಇರುವ ಗನ್‌ಸ್ಮಿತ್ ದೂರವಾದರೂ ಅಲ್ಲಿಗೇ ಹೋಗಿ. ತುಕ್ಕು ಉಜ್ಜುವ ನೆಪದಲ್ಲಿ ಕೆತ್ತಿದ ನಂಬರನ್ನು ಸವೆಸಬೇಡಿ, ಅದನ್ನು ಅಳಿಸುವುದೂ ಅಪರಾಧ.

9. ಜೋಡಿಸಿದ ಮೇಲೆ ಖಾಲಿ ಪಿಸ್ತೂಲಿನಲ್ಲೇ ಪರೀಕ್ಷೆ.
ಸ್ಲೈಡ್ ತಡೆಯಿಲ್ಲದೆ ಹಿಂದೆ ಹೋಗಿ ತಾನಾಗಿ ಮುಂದೆ ಬರಬೇಕು, ಮ್ಯಾಗಜೀನ್ ಕ್ಲಿಕ್ ಎಂದು ಕೂರಬೇಕು, ಸೇಫ್ಟಿ ಹಾಕಿದಾಗ ಟ್ರಿಗರ್ ಕೆಲಸ ಮಾಡಬಾರದು. ಪರಾತದಲ್ಲಿ ಒಂದು ಪಿನ್ನು ಉಳಿದಿದ್ದರೆ ಮತ್ತೆ ಬಿಚ್ಚಿ, ಇಲ್ಲವೇ ತಜ್ಞರಿಗೆ ಕೊಡಿ. ತೋಟದಲ್ಲಿ ಒಂದು ಗುಂಡು ಹಾರಿಸಿ ನೋಡೋಣ ಅನ್ನುವುದು ಪರೀಕ್ಷೆಯಲ್ಲ.

ಚುನಾವಣೆಗೆ ಮುನ್ನ ಪಿಸ್ತೂಲನ್ನು ಠಾಣೆಗೆ ಒಪ್ಪಿಸುವಾಗಲೂ ಇಷ್ಟೇ ಶಿಸ್ತು ಬೇಕು. 2024ರ ಲೋಕಸಭಾ ಚುನಾವಣೆ ಮಾರ್ಚ್ 16ಕ್ಕೆ ಘೋಷಣೆಯಾಗಿ ಫಲಿತಾಂಶ ಬಂದಿದ್ದು ಜೂನ್ 4ಕ್ಕೆ. ಅಷ್ಟು ದಿನ ಕಪಾಟಿನಲ್ಲಿ ಕೂತಿದ್ದು ತುಕ್ಕು ಹಿಡಿಯದಿರಲು ಒರೆಸಿ, ತೆಳ್ಳಗೆ ಎಣ್ಣೆ ಸವರಿ ಕೊಡಿ. ರಸೀದಿಯಲ್ಲಿ ಮ್ಯಾಗಜೀನ್ ಎಷ್ಟೆಂದು ಬರೆಸಿಕೊಳ್ಳಿ. ಪರವಾನಗಿಯ ಅವಧಿ ಈಗ 5 ವರ್ಷ. ಎಣ್ಣೆ ಡಬ್ಬಿ ತೆಗೆಯುವಾಗ ಪರವಾನಗಿ ಪುಸ್ತಕದ ತಾರೀಖನ್ನೂ ಒಮ್ಮೆ ನೋಡಿಬಿಡಿ.