254 ಮಿಲಿಮೀಟರ್ ಮಳೆ ಮತ್ತು ಒಂದು ಫುಟ್‌ಬಾಲ್ ಟಿಕೆಟ್

ಭೂಗೋಳದ ತರಗತಿಯಲ್ಲಿ ಮಳೆಯ ಹಂಚಿಕೆ ಕುರಿತು ಪಾಠ ಶುರುವಾದರೆ ಸಾಕು, ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ. “ಸರ್, ದುಬೈಯಲ್ಲಿ ಒಂದೇ ದಿನ ಮಳೆ ಬಂದದ್ದಕ್ಕೆ ವಿಮಾನ ನಿಲ್ದಾಣಕ್ಕೇ ನೀರು ನುಗ್ಗಿತಲ್ಲ. ನಮ್ಮಲ್ಲಿ ಜುಲೈ ಪೂರ್ತಿ ಸುರಿಯುತ್ತದೆ, ನಾವು ಕೊಡೆ ಹಿಡಿದು ಕಾಲೇಜಿಗೆ ಬರುತ್ತೇವೆ. ಅಲ್ಲಿಯವರಿಗೆ ಮಳೆ ಗೊತ್ತಿಲ್ಲವೇ?” ತರಗತಿ ನಗುತ್ತದೆ. ಭಟ್ಕಳ, ಹೊನ್ನಾವರ, ಕುಮಟಾದ ಎಷ್ಟೋ ಮನೆಗಳಲ್ಲಿ ಅಣ್ಣನೋ ಚಿಕ್ಕಪ್ಪನೋ ಗಲ್ಫ್‌ನಲ್ಲಿರುವುದರಿಂದ ಈ ಪ್ರಶ್ನೆ ನಮಗೆ ದೂರದ್ದಲ್ಲ. ನಮ್ಮ ಹುಡುಗರು ಅಲ್ಲಿ ದುಡಿಯುವುದಷ್ಟೇ ಅಲ್ಲ, ವಾರದ ರಜೆಯಲ್ಲಿ ಕ್ರಿಕೆಟ್, ಫುಟ್‌ಬಾಲ್ ನೋಡಲು ಊರೂರು ಸುತ್ತುತ್ತಾರೆ ಕೂಡ. ಆದ್ದರಿಂದ ಈ ಸಲದ ಪಾಠವನ್ನು ಒಂದು ಪಂದ್ಯದ ಮೂಲಕ ಹೇಳುತ್ತೇನೆ.

ಪಂದ್ಯ ಯಾವುದೆಂದರೆ 2024ರ ಎಎಫ್‌ಸಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಮೊದಲ ಹಂತ. ಯುಎಇಯ ಅಲ್ ಐನ್ ತಂಡಕ್ಕೆ ಎದುರಾಳಿ ಸೌದಿಯ ಅಲ್ ಹಿಲಾಲ್. ಹಿಲಾಲ್ ಆಗ ಸತತ 34 ಪಂದ್ಯ ಗೆದ್ದು ವಿಶ್ವದಾಖಲೆ ಬರೆದಿದ್ದ ತಂಡ. ಏಪ್ರಿಲ್ 16ರ ರಾತ್ರಿ ಅಲ್ ಐನ್ ನಗರದ ಹಝಾ ಬಿನ್ ಝಾಯೆದ್ ಕ್ರೀಡಾಂಗಣದಲ್ಲಿ ಆಟ. ದುಬೈಯ ದೇರಾದಲ್ಲಿ ಕೆಲಸ ಮಾಡುವ ನನ್ನ ಅಕ್ಕನ ಮಗ ಅಲ್ ಐನ್ ತಂಡದ ಹುಚ್ಚು ಅಭಿಮಾನಿ. ಈದ್ ಮುಗಿದ ವಾರದಲ್ಲೇ ಬಂದ ಈ ಪಂದ್ಯಕ್ಕೆ ಇಬ್ಬರು ಗೆಳೆಯರೊಂದಿಗೆ ಟಿಕೆಟ್ ತೆಗೆದಿಟ್ಟಿದ್ದ. ದುಬೈಯಿಂದ ಅಲ್ ಐನ್‌ಗೆ ಹೋಗುವ ಹೆದ್ದಾರಿಯ ಸಂಖ್ಯೆ ಇ-66. ಭಟ್ಕಳದ ಮೇಲೆ ಹಾದುಹೋಗುವ ನಮ್ಮ ಹೆದ್ದಾರಿಯೂ 66 ಎಂದು ಅವನು ತಮಾಷೆ ಮಾಡುತ್ತಿದ್ದ. ದೂರವೂ ಹೆಚ್ಚುಕಡಿಮೆ ಇಲ್ಲಿಂದ ಮಂಗಳೂರಿಗೆ ಹೋದಷ್ಟೇ.

16ರಂದು ಮಳೆ ಬಂತು. ದೇಶದ ರಾಷ್ಟ್ರೀಯ ಹವಾಮಾನ ಕೇಂದ್ರ ಹೇಳಿದ ಪ್ರಕಾರ 24 ಗಂಟೆಗೂ ಕಡಿಮೆ ಅವಧಿಯಲ್ಲಿ ಖತ್ಮ್ ಅಲ್ ಶಕ್ಲಾ ಎಂಬಲ್ಲಿ 254 ಮಿ.ಮೀ. ಮಳೆ ಸುರಿಯಿತು. 1949ರಲ್ಲಿ ದಾಖಲೆ ಇಡಲು ಆರಂಭಿಸಿದ ನಂತರ ಅಷ್ಟು ಮಳೆ ಕಂಡಿರಲಿಲ್ಲ ಎಂದು ಆ ಕೇಂದ್ರ ಪ್ರಕಟಿಸಿತು. ಖತ್ಮ್ ಅಲ್ ಶಕ್ಲಾ ಇರುವುದು ಎಲ್ಲಿ? ಅಲ್ ಐನ್ ಪ್ರದೇಶದಲ್ಲೇ. ಅಂದರೆ ಇಡೀ ದೇಶದ ದಾಖಲೆ ಮಳೆ ಬಿದ್ದದ್ದು ಪಂದ್ಯ ನಡೆಯಬೇಕಿದ್ದ ಸೀಮೆಯಲ್ಲಿ, ಪಂದ್ಯ ನಡೆಯಬೇಕಿದ್ದ ದಿನ. ಸಂಘಟಕರು ಆಟವನ್ನು 24 ಗಂಟೆ ಮುಂದೂಡಿದರು.

ಈಗ ಹಿಂದಿನ ಬೆಂಚಿನ ಪ್ರಶ್ನೆಗೆ ಬರೋಣ. 254 ಮಿ.ಮೀ. ನಮ್ಮ ಕಣ್ಣಿಗೆ ನಿಜಕ್ಕೂ ಸಣ್ಣ ಮಳೆಯೇ? ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5 ಮಿ.ಮೀ. ಆದರೆ ಅದು ಭಾರೀ ಮಳೆ, 115.6 ದಾಟಿದರೆ ಅತಿ ಭಾರೀ, 204.5 ಮುಟ್ಟಿದರೆ ಅತ್ಯಂತ ಭಾರೀ. ಅಂದರೆ ಅಲ್ ಐನ್‌ನ ಮಳೆ ನಮ್ಮ ಕರಾವಳಿಯ ಅಳತೆಯಲ್ಲೂ ಕೊನೆಯ ದರ್ಜೆಯದ್ದು. ನಗುವವರು ಮೊದಲು ಇದನ್ನು ತಿಳಿದುಕೊಳ್ಳಬೇಕು. ನಮ್ಮಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆಯಾಗುತ್ತದೆ ನಿಜ, ಆದರೆ ಅದು ನಾಲ್ಕು ತಿಂಗಳಿಗೆ ಹಂಚಿಕೊಂಡು ಬೀಳುತ್ತದೆ. ಅಲ್ಲಿ ವರ್ಷದ ಸರಾಸರಿ ಸುಮಾರು 100 ಮಿ.ಮೀ. ಎರಡು ವರ್ಷದ ಮಳೆಗಿಂತಲೂ ಹೆಚ್ಚು ಒಂದೇ ದಿನದಲ್ಲಿ ಬಿದ್ದರೆ ಏನಾಗುತ್ತದೆ ಎಂಬುದನ್ನು ಗುಣಿಸಿ ನೋಡಬಹುದು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್ ನೀರು. ಫುಟ್‌ಬಾಲ್ ಅಂಕಣದ ಅಳತೆ 105 ಮೀಟರ್ ಉದ್ದ, 68 ಮೀಟರ್ ಅಗಲ, ಅಂದರೆ 7,140 ಚದರ ಮೀಟರ್. ಅದರ ಮೇಲೆ 254 ಮಿ.ಮೀ. ಬಿದ್ದರೆ 18 ಲಕ್ಷ ಲೀಟರ್. ಬೇಸಿಗೆಯಲ್ಲಿ ನಮ್ಮ ಬೀದಿಗೆ ಬರುವ 12,000 ಲೀಟರಿನ ಟ್ಯಾಂಕರುಗಳಲ್ಲಿ ತುಂಬಿದರೆ 150 ಟ್ಯಾಂಕರ್. ಇದು ಬರೀ ಅಂಕಣದ ಲೆಕ್ಕ. ಸುತ್ತಲಿನ ರಸ್ತೆ, ಪಾರ್ಕಿಂಗ್, ಛಾವಣಿಗಳ ನೀರು ಬೇರೆ.

ಆ ನೀರು ಹೋಗುವುದೆಲ್ಲಿಗೆ? ಪ್ರವಾಹದ ಪಾಠದಲ್ಲಿ ನಾನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದೇ. ನಮ್ಮ ಕಡೆ ಕುಮಟಾಕ್ಕೆ ಅಘನಾಶಿನಿ, ಹೊನ್ನಾವರಕ್ಕೆ ಶರಾವತಿ, ಭಟ್ಕಳಕ್ಕೆ ಶರಾಬಿ ಹೊಳೆ ಇವೆ. ಜಂಬಿಟ್ಟಿಗೆ ಮಣ್ಣು, ಅದರೊಳಗಿನ ತೂತು ತೂತಾದ ಚಿರೆಕಲ್ಲು ಒಂದಷ್ಟು ನೀರನ್ನು ಕುಡಿಯುತ್ತವೆ. ಮನೆಗಳ ಹಿಂದೆ ಹಳ್ಳವಿದೆ, ಗದ್ದೆಯ ಬದಿಯಲ್ಲಿ ಕಾಲುವೆಯಿದೆ. ಸಾವಿರಾರು ವರ್ಷ ಮಳೆಯೇ ತನಗೆ ಬೇಕಾದ ದಾರಿ ಕೊರೆದುಕೊಂಡಿದೆ. ಅಲ್ ಐನ್‌ನಲ್ಲಿ ಜಬಲ್ ಹಫೀತ್‌ನಂಥ ಬೋಳು ಬೆಟ್ಟ, ಗಟ್ಟಿಯಾದ ಜಲ್ಲಿ ನೆಲ, ವರ್ಷದ ಬಹುಕಾಲ ಒಣಗಿರುವ ವಾದಿಗಳು. ಮರಳು ನೀರು ಕುಡಿಯುತ್ತದೆ ಎಂದುಕೊಳ್ಳುತ್ತೇವೆ. ಸಡಿಲ ಮರಳು ಕುಡಿಯುತ್ತದೆ, ಆದರೆ ಡಾಂಬರು ಮತ್ತು ಒತ್ತಿ ಗಟ್ಟಿ ಮಾಡಿದ ನೆಲ ಕುಡಿಯುವುದಿಲ್ಲ. ಮಳೆಯೇ ಇಲ್ಲದ ಊರಲ್ಲಿ ದೊಡ್ಡ ಚರಂಡಿಗೆ ಹಣ ಸುರಿಯುವುದು ದಂಡ ಎಂದು ಯಾರಿಗಾದರೂ ಅನ್ನಿಸಬಹುದು. ಈ ಮಳೆಯಾದ ಎರಡೇ ತಿಂಗಳಿಗೆ ದುಬೈ ‘ತಸ್ರೀಫ್’ ಎಂಬ ಮಳೆನೀರು ಚರಂಡಿ ಯೋಜನೆಗೆ 3,000 ಕೋಟಿ ದಿರ್ಹಮ್ ಘೋಷಿಸಿತು.

ಮೋಡ ಬಿತ್ತನೆಯಿಂದ ಹೀಗಾಯಿತು ಎಂಬ ಮಾತು ಆಗ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಆ ಮಳೆಯ ಸಮಯದಲ್ಲಿ ಬಿತ್ತನೆ ಮಾಡಿಲ್ಲವೆಂದು ಹವಾಮಾನ ಕೇಂದ್ರ ಹೇಳಿತು. ಅದು ಹಾಗಿರಲಿ, ಬಿತ್ತನೆ ಇರುವ ಮೋಡದಿಂದ ಸ್ವಲ್ಪ ಹೆಚ್ಚು ಹನಿ ಉದುರಿಸಬಹುದೇ ಹೊರತು ಓಮನ್‌ನಿಂದ ಯುಎಇವರೆಗೆ ಹಬ್ಬಿದ ಚಂಡಮಳೆಯನ್ನು ಹುಟ್ಟಿಸಲಾರದು. ಓಮನ್‌ನಲ್ಲಿ 14ರಂದೇ ವಾದಿಯ ಪ್ರವಾಹಕ್ಕೆ ಸಿಕ್ಕಿ ಶಾಲಾ ಮಕ್ಕಳೂ ಸೇರಿ ಹಲವರು ಪ್ರಾಣ ಕಳೆದುಕೊಂಡಿದ್ದರು.

ಮತ್ತೆ ನನ್ನ ಅಳಿಯನ ಟಿಕೆಟ್‌ಗೆ ಬರುತ್ತೇನೆ. 17ರ ಮಧ್ಯಾಹ್ನ ಅವನ ಫೋನು. “ಮಾಮ, ಮಳೆ ಪೂರ್ತಿ ನಿಂತಿದೆ, ಬಿಸಿಲು ಚುರುಗುಟ್ಟುತ್ತಿದೆ. ರಾತ್ರಿ ಪಂದ್ಯ ಇದೆಯಂತೆ. ಗೆಳೆಯನ ಕಾರಿದೆ. ಹೋಗಿಬರಲಾ?” ಹಿಂದಿನ ರಾತ್ರಿಯಿಡೀ ಅವನ ಫೋನು ಸಿಗದೆ ಅಕ್ಕ ಭಟ್ಕಳದಲ್ಲಿ ನಿದ್ದೆ ಮಾಡಿರಲಿಲ್ಲ. ಅವನ ಬೀದಿಯಲ್ಲಿ ನೀರು ಇನ್ನೂ ಮೊಣಕಾಲಿನವರೆಗಿತ್ತು.

ಮಳೆ ನಿಂತಿತು ಎಂದರೆ ಅಪಾಯ ಮುಗಿಯಿತು ಎಂದಲ್ಲ. ಹೊಳೆಯ ನೀರಿನ ಏರಿಳಿತದ ರೇಖೆಯನ್ನು ಬರೆದರೆ ಅದರ ತುದಿ ಮಳೆಯ ತುದಿಗಿಂತ ತಡವಾಗಿ ಬರುತ್ತದೆ. ಘಟ್ಟದ ಮೇಲೆ ಬಿದ್ದ ಮಳೆ ಹೊನ್ನಾವರದ ಹೊಳೆದಂಡೆಗೆ ಇಳಿಯಲು ಸಮಯ ಬೇಕಲ್ಲ, ಹಾಗೆ. ನಗರದಲ್ಲಿ ತಗ್ಗಾದ ಅಂಡರ್‌ಪಾಸುಗಳೇ ಹೊಂಡಗಳು. ಅಲ್ಲಿಂದ ನೀರು ಪಂಪಿನ ಮೂಲಕ ಹೊರಹೋಗಬೇಕೇ ವಿನಾ ತಾನಾಗಿ ಹರಿದುಹೋಗದು.

ಇನ್ನು ಕಾರು. ವಿಜ್ಞಾನ ವಿಭಾಗದವರು ಈ ಲೆಕ್ಕವನ್ನು ತಾವೇ ಮಾಡಿ ನೋಡಲಿ. ಒಂದು ಸಣ್ಣ ಕಾರಿನ ತೂಕ 1,000 ಕಿಲೋ ಎಂದಿಟ್ಟುಕೊಳ್ಳಿ. ಉದ್ದ 4 ಮೀಟರ್, ಅಗಲ 1.6 ಮೀಟರ್, ನೆಲದಿಂದ ತಳಕ್ಕೆ 17 ಸೆಂ.ಮೀ. ನೀರು ತಳ ಮುಟ್ಟಿದ ಮೇಲೆ ಏರುವ ಪ್ರತಿ ಸೆಂಟಿಮೀಟರಿಗೂ ಕಾರು 64 ಲೀಟರ್ ನೀರನ್ನು ಸರಿಸುತ್ತದೆ. ಆರ್ಕಿಮಿಡೀಸ್ ಹೇಳಿದಂತೆ 64 ಕಿಲೋ ಭಾರ ಹಗುರಾಗುತ್ತದೆ. 1,000ವನ್ನು 64ರಿಂದ ಭಾಗಿಸಿದರೆ ಹೆಚ್ಚುಕಡಿಮೆ 16. ತಳದ 17ನ್ನು ಕೂಡಿಸಿ, 33 ಸೆಂ.ಮೀ. ಆಯಿತು. ಒಳಗೆ ನೀರು ನುಗ್ಗುವ ಮೊದಲು, ಮೊಣಕಾಲು ಮುಟ್ಟದ ನೀರಿನಲ್ಲೇ ಕಾರು ತೇಲಲು ಸಿದ್ಧ. ತೇಲುವುದಕ್ಕಿಂತ ಮೊದಲೇ ಟಯರುಗಳ ಹಿಡಿತ ಸಡಿಲಾಗಿರುತ್ತದೆ, ಪಕ್ಕದಿಂದ ಹರಿವಿದ್ದರೆ ತಳ್ಳಿಕೊಂಡೇ ಹೋಗುತ್ತದೆ. ಯುಎಇಯ ಆ ಮಳೆಯಲ್ಲಿ ಸತ್ತವರಲ್ಲಿ ವಾಹನದೊಳಗೇ ಸಿಕ್ಕಿಹಾಕಿಕೊಂಡವರಿದ್ದರು.

“ಹೋಗಬೇಡ” ಎಂದೆ. ಕೇಳಿದ. ಸಿಟ್ಟಿನಿಂದಲೇ ಕೇಳಿದ ಅನ್ನಿ. ಆ ರಾತ್ರಿ ಅಲ್ ಐನ್ 4-2ರಿಂದ ಗೆದ್ದು ಹಿಲಾಲ್‌ನ ಓಟ ನಿಲ್ಲಿಸಿತು. ಸೂಫಿಯಾನ್ ರಹೀಮಿ ಹ್ಯಾಟ್ರಿಕ್ ಹೊಡೆದ. ಅಳಿಯ ಅದನ್ನು ಕೋಣೆಯಲ್ಲಿ ಕುಳಿತು ಮೊಬೈಲಿನಲ್ಲಿ ನೋಡಿದ. ಇಂದಿಗೂ ಊರಿಗೆ ಬಂದಾಗಲೆಲ್ಲ ಮೂರು ಬೆರಳು ತೋರಿಸಿ “ಮೂರು ಗೋಲು, ಮಾಮ!” ಎನ್ನುತ್ತಾನೆ. ನನ್ನ ಅಭಿಪ್ರಾಯ ಬದಲಾಗಿಲ್ಲ. ಪಂದ್ಯ ಎಷ್ಟು ದೊಡ್ಡದು ಎಂಬುದರ ಮೇಲೆ ದಾರಿಯ ಆಳ ಬದಲಾಗುವುದಿಲ್ಲ.

ರಸ್ತೆಯಷ್ಟೇ ಅಲ್ಲ, ಆಕಾಶದ ದಾರಿಯೂ ಕಟ್ಟಿಹೋಗಿತ್ತು. ದುಬೈ ವಿಮಾನ ನಿಲ್ದಾಣದಲ್ಲಿ ಎರಡು ದಿನಗಳಲ್ಲಿ ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಪರಿಸ್ಥಿತಿ ಸುಧಾರಿಸುವವರೆಗೆ ತೀರಾ ಅಗತ್ಯವಿಲ್ಲದ ಪ್ರಯಾಣ ಬೇಡವೆಂದು ಭಾರತೀಯ ರಾಯಭಾರ ಕಚೇರಿ ನಮ್ಮವರಿಗೆ ಸೂಚಿಸಿತು. ವಾಣಿಜ್ಯ ವಿಭಾಗದವರು ಇಲ್ಲಿ ಒಂದು ವಿಷಯ ಗುರುತು ಮಾಡಿಕೊಳ್ಳಿ. ನಮ್ಮ ದೇಶದ ವಿಮಾನಯಾನ ನಿಯಮದ ಪ್ರಕಾರ ಹವಾಮಾನದಂಥ ಅಸಾಧಾರಣ ಕಾರಣಕ್ಕೆ ವಿಮಾನ ರದ್ದಾದರೆ ಕಂಪನಿ ಪರಿಹಾರ ಕೊಡಬೇಕಿಲ್ಲ. ಟಿಕೆಟ್ ಹಣ ಹಿಂದಿರುಗಿಸುವುದು ಅಥವಾ ಬೇರೆ ವಿಮಾನದಲ್ಲಿ ಕಳಿಸುವುದು ಮಾತ್ರ ಅದರ ಹೊಣೆ. ಪರಿಹಾರ ಬೇರೆ, ಮರುಪಾವತಿ ಬೇರೆ. ಹೋಟೆಲಿನ ಬಾಡಿಗೆ, ಪಂದ್ಯದ ಟಿಕೆಟ್, ಕಳೆದುಹೋದ ಎರಡು ದಿನದ ಸಂಬಳ ಇವು ಯಾರ ಲೆಕ್ಕಕ್ಕೆ ಎಂಬುದನ್ನು ಹೊರಡುವ ಮೊದಲೇ ಕೇಳಿಕೊಳ್ಳಬೇಕು. ಪ್ರವಾಸ ವಿಮೆ ಮಾಡುವವರು ಚಂಡಮಾರುತಕ್ಕೆ ಹೆಸರು ಬಿದ್ದ ಮೇಲೆ ಓಡಿದರೆ ಪ್ರಯೋಜನವಿಲ್ಲ. ಗೊತ್ತಾಗಿಹೋದ ಅಪಾಯವನ್ನು ವಿಮೆ ಸಾಮಾನ್ಯವಾಗಿ ಹೊರುವುದಿಲ್ಲ.

ಕ್ರಿಕೆಟ್‌ನಿಂದ ಒಂದು ಉದಾಹರಣೆ. 2023ರ ಸೆಪ್ಟೆಂಬರ್ 10ರಂದು ಕೊಲಂಬೊದಲ್ಲಿ ಏಷ್ಯಾ ಕಪ್‌ನ ಭಾರತ–ಪಾಕಿಸ್ತಾನ ಪಂದ್ಯ. 24.1 ಓವರಿಗೆ ಭಾರತ 2 ವಿಕೆಟ್‌ಗೆ 147 ಇದ್ದಾಗ ಮಳೆ ಬಂತು. ಆ ಪಂದ್ಯಕ್ಕೆ ಮೀಸಲು ದಿನ ಇತ್ತು, ಹಳೆಯ ಟಿಕೆಟ್ಟೇ ಮರುದಿನಕ್ಕೂ ಸಲ್ಲುತ್ತದೆ ಎಂದು ಸಂಘಟಕರು ಮೊದಲೇ ಹೇಳಿದ್ದರು. ಸೋಮವಾರ ಕೊಹ್ಲಿ 122, ಸುರತ್ಕಲ್‌ನಲ್ಲಿ ಓದಿ ಬೆಳೆದ ಕೆ.ಎಲ್. ರಾಹುಲ್ 111, ಇಬ್ಬರೂ ಅಜೇಯರು. ಭಾರತ 228 ರನ್ನಿನಿಂದ ಗೆದ್ದಿತು. ಆದರೆ ಭಾನುವಾರ ರಾತ್ರಿಯೇ ಮರಳುವ ವಿಮಾನಕ್ಕೆ ಟಿಕೆಟ್ ತೆಗೆದ ಅಭಿಮಾನಿಗೆ ಆ ಮೀಸಲು ದಿನದಿಂದ ಏನು ಲಾಭ? ಮೀಸಲು ದಿನವೆಂಬುದು ಪಂದ್ಯಕ್ಕಿದ್ದರೆ ಸಾಲದು, ನಮ್ಮ ಪ್ರಯಾಣಕ್ಕೂ ಇರಬೇಕು.

ತಂಡಕ್ಕೇ ದಾರಿ ಸಿಗದ ಸಂದರ್ಭವೂ ಇದೆ. 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ಭಾರತ ಟಿ20 ವಿಶ್ವಕಪ್ ಗೆದ್ದಿತು. ರಾಹುಲ್ ದ್ರಾವಿಡ್ ಕೋಚ್. ಅಷ್ಟರಲ್ಲಿ ಬೆರಿಲ್ ಚಂಡಮಾರುತ ಬಂದು ವಿಮಾನ ನಿಲ್ದಾಣ ಮುಚ್ಚಿತು, ವಿಶ್ವವಿಜೇತರು ಹೋಟೆಲಿನಲ್ಲೇ ಉಳಿದರು. ಅಟ್ಲಾಂಟಿಕ್‌ನಲ್ಲಿ ಚಂಡಮಾರುತದ ಋತು ಜೂನ್ 1ಕ್ಕೇ ಶುರುವಾಗುತ್ತದೆ ನಿಜ. ಆದರೆ ಐದನೇ ದರ್ಜೆಯ ಚಂಡಮಾರುತ ಇಷ್ಟು ಬೇಗ ಎದ್ದದ್ದು ದಾಖಲೆಯಲ್ಲಿ ಅದೇ ಮೊದಲು. ಕೊನೆಗೆ ಏರ್ ಇಂಡಿಯಾದ ವಿಶೇಷ ವಿಮಾನದಲ್ಲಿ ಆಟಗಾರರು, ಕುಟುಂಬದವರು, ಪತ್ರಕರ್ತರು ಜುಲೈ 4ಕ್ಕೆ ದೆಹಲಿ ಸೇರಿದರು. ಸಾಮಾನ್ಯ ಅಭಿಮಾನಿ ಅಂಥ ವಿಮಾನವನ್ನು ನಂಬಿ ಹೊರಡುವಂತಿಲ್ಲ.

ನೀರಿಗೆ ಮೊದಲೇ ಜಾಗ ಬಿಟ್ಟ ಊರೂ ಒಂದಿದೆ. ಜಪಾನಿನ ಯೊಕೊಹಾಮಾದ ದೊಡ್ಡ ಕ್ರೀಡಾಂಗಣವನ್ನು ತ್ಸುರುಮಿ ನದಿಯ ನೆರೆನೀರು ತುಂಬಿಕೊಳ್ಳಲೆಂದೇ ಬಿಟ್ಟ ತಗ್ಗಿನಲ್ಲಿ ಕಂಬಗಳ ಮೇಲೆ ಕಟ್ಟಿದ್ದಾರೆ. 2019ರ ಅಕ್ಟೋಬರ್ 12ರಂದು ಹಗಿಬಿಸ್ ಟೈಫೂನ್ ಬಂದಾಗ ರಗ್ಬಿ ವಿಶ್ವಕಪ್‌ನ ಮೂರು ಪಂದ್ಯಗಳು ರದ್ದಾದವು. ಆದರೆ ಮರುದಿನ ಇದೇ ಕ್ರೀಡಾಂಗಣದಲ್ಲಿ ಜಪಾನ್ 28-21ರಿಂದ ಸ್ಕಾಟ್ಲೆಂಡನ್ನು ಸೋಲಿಸಿತು. ನೆರೆನೀರು ಅಡಿಯ ತಗ್ಗಿನಲ್ಲಿ ನಿಂತಿತ್ತು, ಆಟ ಮೇಲೆ ನಡೆಯಿತು. ನಮ್ಮ ಅಲ್ ಐನ್ ತಂಡ 2024ರ ಮೇ ತಿಂಗಳಲ್ಲಿ ಫೈನಲ್‌ನ ಮೊದಲ ಹಂತ ಆಡಿದ್ದೂ ಇದೇ ಅಂಕಣದಲ್ಲಿ. ಅಲ್ಲಿ 2-1ರಿಂದ ಸೋತು, ತವರಿನಲ್ಲಿ 5-1ರಿಂದ ಗೆದ್ದು ಕಪ್ ಎತ್ತಿತು. ಆ ತವರಿನ ಪಂದ್ಯಕ್ಕೆ ಅಳಿಯ ಹೋಗಿದ್ದ, ಒಣ ರಸ್ತೆಯಲ್ಲಿ.

ವಿದೇಶದ ಹವಾಮಾನ ನೋಡುವವರು ತಮ್ಮ ಮನೆಬಾಗಿಲಿನದನ್ನು ಮರೆಯಬಾರದು. 2022ರ ಆಗಸ್ಟ್ 2ರಂದು ಭಟ್ಕಳ ತಾಲೂಕಿನಲ್ಲಿ 500 ಮಿ.ಮೀ. ಮೀರಿದ ಮಳೆಗೆ ಪೇಟೆ ಮುಳುಗಿತು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಹೋದರು. ಹೊಳೆ, ಹಳ್ಳ, ಚಿರೆಕಲ್ಲು ಎಲ್ಲ ಇದ್ದೂ ಅಂದು ಸಾಲಲಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಕುಮಟಾ–ಅಂಕೋಲಾ ನಡುವೆ ಹೆದ್ದಾರಿಯೇ ಮುಚ್ಚಿತು. ಗೋವಾದಿಂದ ವಿಮಾನ ಹತ್ತಬೇಕಿದ್ದ ಕುಮಟಾದವನಿಗೆ ದುಬೈಯ ಬಿಸಿಲು ಆಗ ಯಾವ ಸಹಾಯ ಮಾಡೀತು? ಕೊಂಕಣ ರೈಲು ಮಳೆಗಾಲದಲ್ಲಿ ನಿಧಾನದ ಪ್ರತ್ಯೇಕ ವೇಳಾಪಟ್ಟಿಯಲ್ಲಿ ಓಡುತ್ತದೆ ಎಂಬುದೂ ನೆನಪಿರಲಿ.

ಮುಂದಿನ ತರಗತಿಗೆ ಒಂದು ಕೆಲಸ. ನಮ್ಮ ಆಟದ ಮೈದಾನದ ಉದ್ದಗಲ ಅಳೆಯಿರಿ. ಹೊನ್ನಾವರದ ಹವಾಮಾನ ವೀಕ್ಷಣಾಲಯದ ಒಂದು ದಿನದ ಮಳೆಯ ಅಂಕಿ ಪತ್ರಿಕೆಯಿಂದ ತೆಗೆದುಕೊಂಡು ಮೈದಾನದ ಮೇಲೆ ಎಷ್ಟು ಲೀಟರ್ ಬಿತ್ತೆಂದು ಲೆಕ್ಕ ಹಾಕಿ. ಆಮೇಲೆ ಮಳೆಯಲ್ಲೇ ಹೊರಗೆ ಹೋಗಿ ಆ ನೀರು ಯಾವ ಮೂಲೆಯಿಂದ ಹರಿದು ಯಾವ ಚರಂಡಿಗೆ, ಯಾವ ಹಳ್ಳಕ್ಕೆ ಸೇರುತ್ತದೆಂದು ನಕ್ಷೆ ಬರೆದು ತನ್ನಿ. ಚರಂಡಿ ಮುಚ್ಚಿಹೋಗಿದ್ದರೆ ಅದನ್ನೂ ಗುರುತು ಹಾಕಿ, ಆ ನಕ್ಷೆಯನ್ನು ಕಚೇರಿಗೆ ಕೊಡೋಣ.