ಅರಿಯದವನ ಚಿಕಿತ್ಸೆಗೆ ಹೊಣೆ ಯಾರು?

ವೈದ್ಯ ವಿದ್ಯೆ ತಿಳಿಯದವನು ಚಿಕಿತ್ಸೆಗೆ ಕೈ ಹಾಕಿ ರೋಗಿಗೆ ಹಾನಿಯಾದರೆ ಅವನೇ ಅದಕ್ಕೆ ಹೊಣೆಗಾರನೆಂದು ಪ್ರವಾದಿ ಮುಹಮ್ಮದ್(ಸ)ರು ಕಲಿಸಿದ್ದಾರೆ. ಅಬೂದಾವೂದ್, ನಸಾಈ, ಇಬ್ನುಮಾಜಃ ಸಂಗ್ರಹಗಳಲ್ಲಿ ಈ ಹದೀಸ್ ಇದೆ. ಅವನ ಉದ್ದೇಶ ಒಳ್ಳೆಯದಿತ್ತೇ ಎಂಬುದಲ್ಲ, ಅವನಿಗೆ ಅರಿವಿತ್ತೇ ಎಂಬುದೇ ಇಲ್ಲಿನ ಪ್ರಶ್ನೆ.

ಇಮಾಮ್ ಇಬ್ನುಲ್ ಕಯ್ಯಿಮ್(ರ) ಇದನ್ನು ಬಿಡಿಸಿ ಹೇಳಿದ್ದಾರೆ. ಬಲ್ಲ ವೈದ್ಯನು ಅನುಮತಿ ಪಡೆದು, ಕ್ರಮ ತಪ್ಪದೆ ಚಿಕಿತ್ಸೆ ನೀಡಿಯೂ ರೋಗಿ ತೀರಿಕೊಂಡರೆ ಪರಿಹಾರ ತೆರಬೇಕಾಗಿಲ್ಲ. ಬಲ್ಲವನದೇ ಕೈ ತಪ್ಪಿದರೆ ಪರಿಹಾರವುಂಟು. ವೈದ್ಯನೆಂದು ನಂಬಿಸಿದ ಅಜ್ಞಾನಿಗಂತೂ ವಿನಾಯಿತಿಯೇ ಇಲ್ಲ. ಕ್ರಿ.ಶ. 931ರಲ್ಲಿ ಬಗ್ದಾದಿನಲ್ಲಿ ವೈದ್ಯನೊಬ್ಬನ ತಪ್ಪಿನಿಂದ ರೋಗಿ ಸತ್ತಾಗ, ಖಲೀಫ ಅಲ್ ಮುಕ್ತದಿರ್ ನಗರದ ವೈದ್ಯರನ್ನು ಪರೀಕ್ಷಿಸುವ ಹೊಣೆಯನ್ನು ಸಿನಾನ್ ಬಿನ್ ಸಾಬಿತ್‌ಗೆ ವಹಿಸಿದರು. ತೇರ್ಗಡೆಯಾಗದವರಿಗೆ ಚಿಕಿತ್ಸೆ ನೀಡುವ ಅನುಮತಿ ಇರಲಿಲ್ಲ.

ನಮ್ಮ ದೇಶದ ಕಾನೂನೂ ಇದೇ ಹಾದಿಯಲ್ಲಿದೆ. ಹಣ ಪಡೆದು ನೀಡುವ ಚಿಕಿತ್ಸೆಯು ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪಿತ್ತಿತು. ಹೋಮಿಯೋಪಥಿ ಕಲಿತವರೊಬ್ಬರು ಜ್ವರದ ರೋಗಿಗೆ ಅಲೋಪಥಿ ಔಷಧಿ ಕೊಟ್ಟು ರೋಗಿ ಮೃತಪಟ್ಟ ಪ್ರಕರಣದಲ್ಲಿ, ಕಲಿಯದ ಪದ್ಧತಿಯಲ್ಲಿ ಚಿಕಿತ್ಸೆ ನೀಡಿದ್ದೇ ನಿರ್ಲಕ್ಷ್ಯವೆಂದು 1996ರಲ್ಲಿ ಅದೇ ನ್ಯಾಯಾಲಯ ಹೇಳಿತು. ಆದರೆ ಪ್ರತಿಯೊಂದು ಸಾವಿಗೂ ವೈದ್ಯರನ್ನು ಅಪರಾಧಿಯೆನ್ನಲಾಗದು, ಕ್ರಿಮಿನಲ್ ಶಿಕ್ಷೆಗೆ ಘೋರ ನಿರ್ಲಕ್ಷ್ಯವೇ ಸಾಬೀತಾಗಬೇಕೆಂದು 2005ರಲ್ಲಿ ಸ್ಪಷ್ಟಪಡಿಸಿತು. ಕರ್ನಾಟಕದಲ್ಲಿ 2007ರ ಕಾಯ್ದೆಯಂತೆ ಖಾಸಗಿ ದವಾಖಾನೆಗಳ ನೋಂದಣಿ ಕಡ್ಡಾಯ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಾಡಂಚಿನ ಮನೆಗಳಿಗೆ ಈ ವಿಚಾರ ದೂರದ್ದಲ್ಲ. ಸಿದ್ದಾಪುರದ ಕಡೆ ಮಂಗನ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಆ ಜ್ವರದಲ್ಲಿ ರಕ್ತಸ್ರಾವದ ಭಯವಿರುವುದರಿಂದ ಆಸ್ಪಿರಿನ್‌ನಂತಹ ಮಾತ್ರೆ ಕೊಡಬಾರದು. ಇದನ್ನರಿಯದವನು ಜ್ವರ ಇಳಿಸಲೆಂದು ಕೊಡುವ ಒಂದು ಮಾತ್ರೆ, ಒಂದು ಚುಚ್ಚುಮದ್ದು ಜೀವಕ್ಕೇ ಎರವಾಗಬಹುದು. ಆಸ್ಪತ್ರೆ ದೂರವೆಂಬ ಕಾರಣಕ್ಕೆ ಹತ್ತಿರದವನು ವೈದ್ಯನಾಗುವುದಿಲ್ಲ.

ಹಾನಿಯಾದ ಮೇಲೆ "ಅಲ್ಲಾಹನ ವಿಧಿ" ಎಂದು ಸುಮ್ಮನಾಗುವವರಿದ್ದಾರೆ. ವಿಧಿಯಲ್ಲಿ ವಿಶ್ವಾಸವಿಡುವುದು ಈಮಾನಿನ ಭಾಗ. ಆದರೆ ತಪ್ಪಿತಸ್ಥನ ಹೊಣೆಯನ್ನು ಅದು ಅಳಿಸುವುದಿಲ್ಲ. ಅಳಿಸುವುದಾದರೆ ಪ್ರವಾದಿ(ಸ)ಯವರು ಪರಿಹಾರದ ನಿಯಮವನ್ನೇಕೆ ಕಲಿಸುತ್ತಿದ್ದರು? ಇನ್ನು ಕೆಲವರು ಆಸ್ಪತ್ರೆಗೆ ನುಗ್ಗಿ ವೈದ್ಯರ ಮೇಲೆ ಕೈ ಮಾಡುತ್ತಾರೆ. ಅದು ಅಕ್ರಮವೂ ಹೌದು, ಅಪರಾಧವೂ ಹೌದು.

ಆದುದರಿಂದ ಚಿಕಿತ್ಸೆಗೆ ಮುಂಚೆ ವೈದ್ಯರ ಅರ್ಹತೆ, ದವಾಖಾನೆಯ ನೋಂದಣಿ ವಿಚಾರಿಸಿರಿ. ಹೊಸ ಸೂಜಿಯನ್ನೇ ಬಳಸುವಂತೆ ಕೇಳಲು ನಾಚಬೇಡಿರಿ. ಚೀಟಿ, ರಸೀದಿ, ವರದಿಗಳನ್ನು ಜೋಪಾನವಾಗಿಡಿರಿ. ಅನ್ಯಾಯವಾಗಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಪ್ರಾಣವು ಅಲ್ಲಾಹನು ನಮ್ಮಲ್ಲಿ ಇರಿಸಿದ ಅಮಾನತ್ತು. ಅದನ್ನು ಯಾರ ಕೈಗೆ ಒಪ್ಪಿಸುತ್ತೇವೆಂಬುದಕ್ಕೆ ನಾವೂ ಉತ್ತರ ಕೊಡಬೇಕಾದವರು.