ಗಾಳಿಯ ಎತ್ತರವನ್ನು ಅಳೆಯುವ ಬೆಳಕು

ಮಾಗಿಯ ಮುಂಜಾವಿನಲ್ಲಿ ಮೂಸಿಯ ಸೇತುವೆಯನ್ನು ದಾಟಿ ಶಾಲೆಗೆ ಬರುವ ವಿದ್ಯಾರ್ಥಿಗಳು, ಹೊಗೆಯು ನೆಲಕ್ಕಂಟಿ ನಿಂತಿರುವುದನ್ನು ಕಂಡಿರಬಹುದು. ಮಧ್ಯಾಹ್ನಕ್ಕೆ ಅದು ತೆಳುವಾಗುತ್ತದೆ. ಇದಕ್ಕೆ ಕಾರಣವೇನು?

ರಾತ್ರಿ ನೆಲವು ತಣಿಯಲು ಅದಕ್ಕೆ ತಾಗಿದ ಗಾಳಿಯೂ ತಣಿದು ಕೆಳಗೇ ಉಳಿಯುತ್ತದೆ. ಹೊಗೆಯು ಅದರೊಳಗೆ ಸೆರೆಯಾಗುತ್ತದೆ. ಬಿಸಿಲೇರಿದಂತೆ ಕಾದ ಗಾಳಿಯು ಮೇಲೇರಿ, ಹೊಗೆ ಧೂಳುಗಳನ್ನು ಎತ್ತರಕ್ಕೆ ಹರಡುತ್ತದೆ. ಈ ಗಾಳಿಯ ಪದರವನ್ನು ಅಳೆಯಬಲ್ಲ ಉಪಕರಣಗಳಲ್ಲಿ ಲೈಡಾರ್ ಒಂದು.

ಅದು ಲೇಸರ್ ಬೆಳಕಿನ ಕ್ಷಣಿಕ ಮಿಡಿತಗಳನ್ನು ಆಕಾಶಕ್ಕೆ ಕಳುಹಿಸುತ್ತದೆ. ಕಣಗಳಿಗೆ ತಾಗಿ ಚದುರಿದ ಬೆಳಕಿನ ಕಿಂಚಿತ್ ಭಾಗವನ್ನು ದೂರದರ್ಶಕವು ಸಂಗ್ರಹಿಸುತ್ತದೆ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು. 1 ಕಿಲೋಮೀಟರು ಎತ್ತರಕ್ಕೆ ಹೋಗಿ ಮರಳಲು ಸೆಕೆಂಡಿನ 1,50,000ದಲ್ಲಿ ಒಂದು ಪಾಲು ಸಾಕು. ಹೀಗೆ ಕಾಲದಿಂದ ಎತ್ತರವೂ, ಮರಳಿದ ಬೆಳಕಿನ ಪ್ರಮಾಣದಿಂದ ಕಣಗಳ ದಟ್ಟಣೆಯೂ ತಿಳಿಯುತ್ತವೆ. ಹಗಲಿನಲ್ಲಿ ಕಣಗಳು ಥಟ್ಟನೆ ವಿರಳವಾಗುವ ಎತ್ತರವೇ ಪದರದ ಮೇಲಂಚು.

ನಮ್ಮ ನಗರದ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ವಿಜ್ಞಾನಿಗಳು 532 ನ್ಯಾನೋಮೀಟರ್ ತರಂಗಾಂತರದ ಹಸಿರು ಬೆಳಕಿನಿಂದ ಹೈದರಾಬಾದಿನ ಗಾಳಿಯನ್ನು ಹೀಗೆ ಪರೀಕ್ಷಿಸಿದ್ದಾರೆ.

ಮುಂಜಾನೆ ಕಸಕ್ಕೆ ಬೆಂಕಿಯಿಡುವವರಿಗೆ ವಿದ್ಯಾರ್ಥಿಗಳು ಇದನ್ನು ತಿಳಿಯಹೇಳಬೇಕು: ಆ ಹೊಗೆಯು ಆಗಸವನ್ನು ಸೇರದೆ ಬೀದಿಯಲ್ಲಿಯೇ ಉಳಿದು, ಶಾಲೆಗೆ ನಡೆಯುವ ಎಳೆಯರ ಎದೆಯನ್ನು ಸೇರುತ್ತದೆ.